ನೋವು ಒಂದೇ, ಬಿಲ್ ಮಾತ್ರ ಬಾಗಿಲಿಗೊಂದು

ಅಧ್ಯಕ್ಷರೇ, ನಿವೃತ್ತ ನೌಕರರ ಸಂಘದ ಗೆಳೆಯರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ಅಮ್ಮಂದಿರೇ, ಎಲ್ಲರಿಗೂ ನಮಸ್ಕಾರ. ನಿಂತವರು ದಯವಿಟ್ಟು ಒಳಗಿಂದ ಕುರ್ಚಿ ತರಿಸಿಕೊಳ್ಳಿ. ಸೊಂಟ ನೋವಿನ ಮಾತು ಕೇಳಲು ಬಂದು ಸೊಂಟ ಹಿಡಿಸಿಕೊಂಡು ಹೋಗಬಾರದು, ಅಲ್ವಾ?

ನಾನು ಡಾಕ್ಟರ್ ಅಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂತು ಕೆಲಸ ಮಾಡಿದವನು. ಜ್ವರದವರು ಒಮ್ಮೆ ಬಂದು ಹೋಗುತ್ತಾರೆ. ನೋವಿನವರು ಹಾಗಲ್ಲ, ಮತ್ತೆ ಮತ್ತೆ ಬರುತ್ತಾರೆ. ಬರುವಾಗ ಕೈಯಲ್ಲಿ ಬೇರೆ ಬೇರೆ ಕಡೆಯ ಚೀಟಿ ಇರುತ್ತವೆ. ಒಂದು ಪಕ್ಕದ ಕ್ಲಿನಿಕ್ಕಿನದು, ಒಂದು ದೊಡ್ಡ ಆಸ್ಪತ್ರೆಯದು, ಒಂದು ಆಯುರ್ವೇದದ್ದು. ಮಧ್ಯೆ ನಾಟಿ ವೈದ್ಯರು ಕೊಟ್ಟ ಪುಡಿಯ ಪೊಟ್ಟಣ. ನೋವು ಒಂದೇ, ಕೊಟ್ಟ ದುಡ್ಡು ಮಾತ್ರ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಇದನ್ನು ನೋಡಿ ನೋಡಿ ಹುಟ್ಟಿದ ಮಾತು ಒಂದೇ. ಸೊಂಟ, ಮಂಡಿ, ಕುತ್ತಿಗೆ ನೋವಿಗೆ ಎಷ್ಟು ಖರ್ಚಾಗುತ್ತದೆ ಅನ್ನುವುದು ನೋವು ಎಷ್ಟಿದೆ ಅನ್ನುವುದಕ್ಕಿಂತ ಜಾಸ್ತಿ, ನೀವು ಮೊದಲು ಯಾರ ಬಾಗಿಲಿಗೆ ಹೋದಿರಿ ಅನ್ನುವುದರ ಮೇಲೆ ನಿಂತಿದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮರೆಯಬಾರದು. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ತೊಡೆಗಳ ಮಧ್ಯೆ ಮರಗಟ್ಟಿದರೆ, ಕಾಲಿನ ಶಕ್ತಿ ಹೋಗುತ್ತಿದ್ದರೆ ಖರ್ಚಿನ ಲೆಕ್ಕ ಬಿಟ್ಟು ಆಗಲೇ ಆಸ್ಪತ್ರೆಗೆ ಓಡಿ. ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆಗಿನ ನೋವು, ಹಿಂದೆ ಕ್ಯಾನ್ಸರ್ ಆದವರ ನೋವು ಇದ್ದರೂ ತಡ ಮಾಡಬೇಡಿ. ನಾನು ಈ ಹೊತ್ತು ಮಾತಾಡುತ್ತಿರುವುದು ಉಳಿದ ಮಾಮೂಲಿ ನೋವಿನ ಬಗ್ಗೆ. ಆ ಮಾಮೂಲಿ ನೋವೂ ಸಣ್ಣದಲ್ಲ. 2020ರಲ್ಲಿ ಜಗತ್ತಿನಲ್ಲಿ ಸೊಂಟ ನೋವಿದ್ದವರು ಸುಮಾರು 61.9 ಕೋಟಿ ಅನ್ನುವುದು ಅಂದಾಜು.

ನಮ್ಮ ಬೀದಿಯ ಲಾರಿ ಚಾಲಕರೊಬ್ಬರ ವಿಷಯ ಹೇಳಬೇಕು. ನನ್ನ ಮಾತು ಹಿಂದೆ ಕೇಳಿದವರಿಗೆ ಇದು ಗೊತ್ತು, ಆದರೂ ಹೇಳುತ್ತೇನೆ. ಅವರಿಗೆ ಒಂದು ಬೆಳಿಗ್ಗೆ ಸೊಂಟ ಹಿಡಿಯಿತು. ಮೊದಲು ಪಕ್ಕದ ಕ್ಲಿನಿಕ್ಕಿಗೆ ಹೋಗಿ ಸೂಜಿ ಹಾಕಿಸಿಕೊಂಡರು. ಎರಡು ದಿನ ಕಡಿಮೆಯಾಯಿತು, ಮತ್ತೆ ಬಂತು. ಯಾರೋ ಹೇಳಿದರೆಂದು ನೇರವಾಗಿ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಹೋದರು. ಅಲ್ಲಿ ಎಂಆರ್‌ಐ ಆಯಿತು. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ‘ಡಿಸ್ಕ್ ಉಬ್ಬಿದೆ, ನರ ಒತ್ತುತ್ತಿದೆ’ ಅಂದರು. ಆ ಮಾತು ಕೇಳಿದ ಮೇಲೆ ಯಾರಿಗೆ ನಿದ್ದೆ ಬರುತ್ತದೆ? ಇನ್ನೊಂದು ಅಭಿಪ್ರಾಯ ಇರಲಿ ಎಂದು ಮತ್ತೊಂದು ಆಸ್ಪತ್ರೆಗೆ ಹೋದರೆ, ಅವರು ಹಳೆಯ ಫಿಲ್ಮ್ ಬದಿಗಿಟ್ಟು ಹೊಸದಾಗಿ ಸ್ಕ್ಯಾನ್ ಮಾಡಿಸಿದರು. ಆಮೇಲೆ ಆಪರೇಷನ್ ಮಾತು ಬಂತು.

ಅಷ್ಟರಲ್ಲಿ ಅವರ ಮನೆಯಾಕೆ ನಮ್ಮ ಮನೆಗೆ ಬಂದರು. ‘ಅಣ್ಣ, ಡಾಕ್ಟ್ರ ಫೀಸು ಅಂಥಾ ಜಾಸ್ತಿ ಏನೂ ಇರ್ಲಿಲ್ಲ. ಆದ್ರೂ ನನ್ನ ಸರ ಅಡಕ್ಕೆ ಹೋಯ್ತು. ದುಡ್ಡು ಎಲ್ಲಿಗೆ ಹೋಯ್ತು ಅಂತ ನೋಡಿ ಹೇಳಿ’ ಅಂದರು. ಬಟ್ಟೆ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಚೀಟಿಯನ್ನೂ ಬಿಡದೆ ತಂದಿದ್ದರು. ಎಂಥ ಜಾಣೆ ನೋಡಿ! ನಡುಮನೆಯಲ್ಲಿ ಚಾಪೆ ಹಾಸಿ, ಫ್ಯಾನ್ ಆರಿಸಿ, ಚೀಟಿಗಳನ್ನೆಲ್ಲ ಬೇರೆ ಬೇರೆ ಗುಡ್ಡೆ ಮಾಡಿದೆವು. ಡಾಕ್ಟರ್ ಫೀಸಿನದೇ ಎಲ್ಲಕ್ಕಿಂತ ಚಿಕ್ಕ ಗುಡ್ಡೆ. ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯದು ದೊಡ್ಡದು. ಮಾತ್ರೆಗಳದು ಅದಕ್ಕಿಂತ ಎತ್ತರ. ನೋವಿನ ಮಾತ್ರೆ, ಆ ಮಾತ್ರೆಯಿಂದ ಹೊಟ್ಟೆ ಉರಿಯಬಾರದೆಂದು ಗ್ಯಾಸ್ ಮಾತ್ರೆ, ನರಕ್ಕೆಂದು ವಿಟಮಿನ್, ಮೂಳೆಗೆಂದು ಕ್ಯಾಲ್ಸಿಯಂ. ಪ್ರತಿ ಚೀಟಿಯಲ್ಲೂ ಕಂಪನಿ ಹೆಸರು ಬೇರೆ, ಒಳಗಿನ ಔಷಧಿ ಹೆಚ್ಚುಕಡಿಮೆ ಅದೇ. ಒಂದು ಸೊಂಟದ ಬೆಲ್ಟ್. ಬಸ್ಸು, ಆಟೋ. ಇನ್ನು ಲಾರಿ ಓಡಿಸದೆ ಮನೆಯಲ್ಲಿ ಕೂತ ದಿನಗಳ ಸಂಬಳಕ್ಕೆ ಚೀಟಿಯೇ ಇರಲಿಲ್ಲ, ಆಕೆಯೇ ಬೆರಳು ಮಡಚಿ ಎಣಿಸಿದರು. ಬೇರೆಲ್ಲ ಸೇರಿದರೂ ಆ ಮೊತ್ತಕ್ಕೆ ಸಮ ಆಗುತ್ತಿರಲಿಲ್ಲ.

ನನಗೆ ಬಹಳ ಬೇಸರ ಆದದ್ದು ಬೇರೆ ವಿಷಯಕ್ಕೆ. ಆ ಚೀಲದಲ್ಲಿ ಫಿಸಿಯೋಥೆರಪಿಯ ಚೀಟಿ ಎರಡೇ ಇದ್ದವು. ‘ಯಾಕಮ್ಮ ಬಿಟ್ರಿ?’ ಅಂದೆ. ‘ಪ್ರತಿ ಸಲ ದುಡ್ಡು ಕೊಡ್ಬೇಕಲ್ಲ ಅಣ್ಣ, ಅಷ್ಟೊತ್ತಿಗೆ ಕೈ ಖಾಲಿಯಾಗಿತ್ತು’ ಅಂದರು. ನೋಡಿ, ನಿಜವಾಗಿ ಬೇಕಾಗಿದ್ದ ಚಿಕಿತ್ಸೆ ಸಾಲಿನ ಕೊನೆಯಲ್ಲಿ ಬಂತು. ಅದರ ಸರದಿ ಬರುವಷ್ಟರಲ್ಲಿ ದುಡ್ಡು ಮುಗಿದಿತ್ತು. ಕೊನೆಗೆ ಅವರನ್ನು ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರ್ ಕಾಲು ಎತ್ತಿಸಿ, ಹೆಬ್ಬೆರಳಿಗೆ ಒತ್ತು ಕೊಟ್ಟು ನೋಡಿ, ಸದ್ಯ ಆಪರೇಷನ್ ಬೇಡ ಅಂದರು. ಅಲ್ಲೇ ವ್ಯಾಯಾಮ ಹೇಳಿಕೊಟ್ಟರು. ಕೆಲವು ತಿಂಗಳಲ್ಲಿ ಅವರು ಮತ್ತೆ ಸ್ಟಿಯರಿಂಗ್ ಹಿಡಿದರು. ಅದರಲ್ಲಿ ವ್ಯಾಯಾಮದ ಪಾಲೂ ಇದೆ, ಕಾಲದ ಪಾಲೂ ಇದೆ. ಹೊಸದಾಗಿ ಬಂದ ಸೊಂಟ ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ.

‘ಡಿಸ್ಕ್ ಉಬ್ಬಿದೆ’ ಅನ್ನುವ ಮಾತಿನ ಬಗ್ಗೆ ಸ್ವಲ್ಪ ನಿಲ್ಲೋಣ. 2015ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಅದು ಸೊಂಟ ನೋವು ಇಲ್ಲವೇ ಇಲ್ಲ ಅನ್ನುವವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿತ್ತು. ಇಪ್ಪತ್ತರ ಹುಡುಗರಲ್ಲೇ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿತ್ತು. ಎಂಬತ್ತು ದಾಟಿದವರಲ್ಲಿ ನೂರಕ್ಕೆ 84. ಅವರಿಗೆ ಯಾರಿಗೂ ನೋವಿಲ್ಲ! ಅಂದರೆ ಈ ಸಭೆಯಲ್ಲಿ ಕೂತವರನ್ನೆಲ್ಲ ಸಾಲಾಗಿ ಸ್ಕ್ಯಾನ್ ಮಾಡಿದರೆ ಮುಕ್ಕಾಲು ಜನ ಗಾಬರಿಯಾಗಿ ಮನೆಗೆ ಹೋಗುತ್ತೀರಿ. ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಹೇಳಿದೆ, ಸೊಂಟ ನೋವಿಗೆ ಸುಮ್ನೆ ಎಲ್ಲರಿಗೂ ಸ್ಕ್ಯಾನ್ ಬರೆಯಬೇಡಿ ಎಂದು. ಸ್ಕ್ಯಾನ್ ಬೇಕಾದವರಿಗೆ ಬೇಕೇ ಬೇಕು. ‘ಇದರ ರಿಪೋರ್ಟ್ ಬಂದ ಮೇಲೆ ಚಿಕಿತ್ಸೆ ಬದಲಾಗುತ್ತದಾ ಸರ್?’ ಎಂದು ಮಾಡಿಸುವ ಮೊದಲು ಕೇಳಿ. ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೇರೆ ಬೇರೆ ಬಾಗಿಲುಗಳ ಖರ್ಚನ್ನು ಸರಿಯಾಗಿ ತೂಗಿ ನೋಡಿದವರು ಅಮೆರಿಕದ ನಾರ್ತ್ ಕ್ಯಾರೊಲಿನಾದವರು. ಆ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಹೊಸದಾಗಿ ಸೊಂಟ ಹಿಡಿದ 1,633 ಜನರನ್ನು ಆರು ತಿಂಗಳು ಹಿಂಬಾಲಿಸಿದರು. ಕೆಲವರು ಸಾಮಾನ್ಯ ವೈದ್ಯರ ಹತ್ತಿರ ಹೋಗಿದ್ದರು, ಕೆಲವರು ಮೂಳೆ ಶಸ್ತ್ರವೈದ್ಯರ ಹತ್ತಿರ, ಕೆಲವರು ಕೈರೋಪ್ರಾಕ್ಟರ್ ಹತ್ತಿರ. ಕೈರೋಪ್ರಾಕ್ಟರ್ ಅಂದರೆ ಬೆನ್ನೆಲುಬನ್ನು ಕೈಯಿಂದ ಒತ್ತಿ, ತಿರುವಿ ಚಿಕಿತ್ಸೆ ಮಾಡುವವರು. ಈಗ ಬೆಂಗಳೂರಿನಲ್ಲೂ ಇದ್ದಾರೆ, ಲಟಲಟ ಸದ್ದಿನ ವಿಡಿಯೋ ನಿಮ್ಮ ಮೊಮ್ಮಕ್ಕಳ ಫೋನಿನಲ್ಲಿ ನೋಡಿರುತ್ತೀರಿ. ಅಧ್ಯಯನದಲ್ಲಿ ಗೊತ್ತಾಗಿದ್ದೇನು? ಯಾರ ಹತ್ತಿರ ಹೋದರೂ ವಾಸಿಯಾಗಲು ಹಿಡಿದ ಕಾಲ ಹೆಚ್ಚುಕಡಿಮೆ ಒಂದೇ. ಖರ್ಚು ಮಾತ್ರ ಸಾಮಾನ್ಯ ವೈದ್ಯರಲ್ಲಿ ತೀರಾ ಕಡಿಮೆ, ಮೂಳೆ ಶಸ್ತ್ರವೈದ್ಯರಲ್ಲಿ ಮತ್ತು ಕೈರೋಪ್ರಾಕ್ಟರ್‌ಗಳಲ್ಲಿ ಜಾಸ್ತಿ. ಆದರೆ ರೋಗಿಗಳಿಗೆ ಎಲ್ಲಕ್ಕಿಂತ ತೃಪ್ತಿ ಸಿಕ್ಕಿದ್ದು ಕೈರೋಪ್ರಾಕ್ಟರ್ ಹತ್ತಿರ.

ಈ ತೃಪ್ತಿಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆ ಜನ ನಾಟಿ ವೈದ್ಯರ ಹತ್ತಿರ ಯಾಕೆ ಹೋಗುತ್ತಾರೆ? ಅವರು ನೋವಿರುವ ಜಾಗ ಮುಟ್ಟಿ ನೋಡುತ್ತಾರೆ. ಎಣ್ಣೆ ಹಚ್ಚುತ್ತಾರೆ, ಮಾತಾಡಿಸುತ್ತಾರೆ. ಸರ್ಕಾರಿ ಓಪಿಡಿಯಲ್ಲಿ ಒಬ್ಬ ಡಾಕ್ಟರ ಮುಂದೆ ಅಷ್ಟುದ್ದ ಸಾಲು ಇರುವಾಗ ಅವರಿಗೆ ಮುಟ್ಟಿ ನೋಡಲು ಸಮಯ ಎಲ್ಲಿದೆ? ಇದು ಡಾಕ್ಟರ ತಪ್ಪಲ್ಲ, ಹುದ್ದೆ ತುಂಬದವರ ತಪ್ಪು. ಆದರೆ ಹೆಸರಿಲ್ಲದ ಪುಡಿ ಮಾತ್ರ ತಿನ್ನಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಸಿಕ್ಕಿದೆ. ಹತ್ತು ದಿನ ನೋವು ಮಾಯ, ಆಮೇಲೆ ಸಕ್ಕರೆ, ಬಿಪಿ, ಮೂಳೆ ಎಲ್ಲಕ್ಕೂ ಪೆಟ್ಟು.

1998ರಲ್ಲಿ ಅಮೆರಿಕದ್ದೇ ಇನ್ನೊಂದು ಪರೀಕ್ಷೆ ಬಂತು. ಒಂದು ಗುಂಪಿಗೆ ಫಿಸಿಯೋಥೆರಪಿ, ಒಂದಕ್ಕೆ ಕೈರೋಪ್ರಾಕ್ಟರ್, ಮೂರನೆಯದಕ್ಕೆ ಸೊಂಟ ನೋವಿನ ಬಗ್ಗೆ ತಿಳಿಸುವ ಒಂದು ಸಣ್ಣ ಪುಸ್ತಿಕೆ. ಎರಡು ವರ್ಷದ ಖರ್ಚು ಒಬ್ಬರಿಗೆ ಕ್ರಮವಾಗಿ 437 ಡಾಲರ್, 429 ಡಾಲರ್, 153 ಡಾಲರ್. ಪುಸ್ತಿಕೆ ಓದಿದವರಿಗಿಂತ ಉಳಿದವರಿಗೆ ಆದ ಲಾಭ ತೀರಾ ಸ್ವಲ್ಪ. ಅದಕ್ಕೇ ನಾನು ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕಂಡಾಗಲೆಲ್ಲ ಕೇಳುತ್ತೇನೆ. ಸೊಂಟ ನೋವಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಔಷಧಿ ಕಿಟಕಿಯಲ್ಲಿ ಇಡಿ ಸ್ವಾಮಿ ಎಂದು.

ಈಗ ನೀವು ಕೇಳಬಹುದು, ಹಾಗಾದರೆ ಎಲ್ಲರೂ ಸರ್ಕಾರಿ ಆಸ್ಪತ್ರೆಗೇ ಹೋಗಬೇಕಾ? 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕ ಹೇಳುತ್ತೇನೆ. ಹೆರಿಗೆ ಬಿಟ್ಟು ಒಮ್ಮೆ ಆಸ್ಪತ್ರೆಗೆ ಸೇರಿದರೆ ಸರಾಸರಿ ಖರ್ಚು ಸರ್ಕಾರಿಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845. ಇದು ಎಲ್ಲ ಕಾಯಿಲೆ ಸೇರಿದ ಲೆಕ್ಕ, ದೇಶದ ಲೆಕ್ಕ. ಏಳು ಪಟ್ಟು ವ್ಯತ್ಯಾಸ. ಆದರೆ ಕೂಲಿ ಮಾಡುವ ಹೆಂಗಸು ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು ಸಾಲು, ಔಷಧಿಗೆ ಒಂದು ಸಾಲು ಎಂದು ನಿಂತು ಇಡೀ ದಿನದ ಕೂಲಿ ಕಳೆದುಕೊಂಡರೆ ಅದು ಉಚಿತ ಚಿಕಿತ್ಸೆ ಹೇಗಾಗುತ್ತದೆ? ಆಕೆಗೆ ಹತ್ತಿರದ ಕ್ಲಿನಿಕ್ಕೇ ಅಗ್ಗ ಇರಬಹುದು. ಅದಕ್ಕೇ ಮತ್ತೆ ಹೇಳುತ್ತೇನೆ, ಬಾಗಿಲಲ್ಲಿ ಕೇಳುವ ಫೀಸನ್ನು ಹೋಲಿಸಬೇಡಿ. ಆ ಬಾಗಿಲಿಂದ ಮುಂದೆ ಎಲ್ಲೆಲ್ಲಿಗೆ ಕಳಿಸುತ್ತಾರೆ, ಎಷ್ಟು ಸಲ ಬರಬೇಕು, ಎಷ್ಟು ದಿನದ ದುಡಿಮೆ ಹೋಗುತ್ತದೆ, ಅದನ್ನೆಲ್ಲ ಕೂಡಿಸಿ.

ಮೊದಲ ಬಾಗಿಲಿಗೆ ಇನ್ನೊಂದು ಮಹತ್ವ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ಖರ್ಚಿನ ಶೇಕಡ 30 ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ತುರ್ತು ಬಿಟ್ಟರೆ, ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನೇರವಾಗಿ ಖಾಸಗಿಗೆ ನುಗ್ಗಿ, ಅಡ್ಮಿಟ್ ಆದ ಮೇಲೆ ಕಾರ್ಡ್ ತೋರಿಸುವವರನ್ನು ಎಷ್ಟು ಜನರನ್ನು ನೋಡಿಲ್ಲ ನಾನು!

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷ ಅಂತೆ. ಮಂಡಿಗೆ ಬರುತ್ತೇನೆ.

ಮಂಡಿ ಕೀಲು ಬದಲಾಯಿಸುವಾಗ ಒಳಗೆ ಕೂರಿಸುವ ಕೃತಕ ಭಾಗದ, ಅಂದರೆ ಇಂಪ್ಲಾಂಟಿನ ಬೆಲೆಗೆ ಕೇಂದ್ರ ಸರ್ಕಾರದ ಬೆಲೆ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಎಲ್ಲರೂ ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್ ಅಲ್ಲಿಯವರೆಗೆ ಸರಾಸರಿ 1,58,324 ರೂಪಾಯಿ ಇತ್ತು. ಮಿತಿ ಹಾಕಿದ್ದು 54,720ಕ್ಕೆ, ಜಿಎಸ್‌ಟಿ ಬೇರೆ. ಒಂದೇ ಆದೇಶಕ್ಕೆ ಲಕ್ಷ ರೂಪಾಯಿ ಇಳಿಯಿತು ಅಂದರೆ, ಅದಕ್ಕೆ ಮೊದಲು ಆ ಲಕ್ಷ ಯಾರ ಜೇಬಿಗೆ ಹೋಗುತ್ತಿತ್ತು? ಆದರೆ ಆ ಆದೇಶ ರೂಮು, ಥಿಯೇಟರ್, ಡಾಕ್ಟರ್ ಚಾರ್ಜಿಗೆ ಅನ್ವಯಿಸುವುದಿಲ್ಲ. ಅದಕ್ಕೇ ‘ಪ್ಯಾಕೇಜ್ ಎರಡೂವರೆ ಲಕ್ಷ’ ಅಂದರೆ ಒಪ್ಪಿಕೊಳ್ಳಬೇಡಿ. ಇಂಪ್ಲಾಂಟಿನದು ಎಷ್ಟು, ಯಾವ ಕಂಪನಿ, ಉಳಿದದ್ದು ಯಾವುದಕ್ಕೆ ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಆಪರೇಷನ್‌ಗಿಂತ ಮೊದಲು ತೂಕ ಇಳಿಸುವುದು, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಇವೆರಡನ್ನು ನಿಜವಾಗಿ ಮಾಡಿದ್ದೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮಾಡಿಯೂ ನಡೆಯಲಾಗದಿದ್ದರೆ ಆಪರೇಷನ್ ಒಳ್ಳೆಯದೇ. ಹೆದರಬೇಡಿ.

ಆಯುರ್ವೇದದ ಬಗ್ಗೆ ಇಬ್ಬರು ಮೊದಲೇ ಕೇಳಿದ್ದರು. ಚಿಕ್ಕದಾಗಿ ಹೇಳುತ್ತೇನೆ. ಕಟಿ ಬಸ್ತಿ, ಜಾನು ಬಸ್ತಿ ಅಂದರೆ ಸೊಂಟದ ಮೇಲೆ, ಮಂಡಿಯ ಮೇಲೆ ಬಿಸಿ ಎಣ್ಣೆ ನಿಲ್ಲಿಸುವ ಚಿಕಿತ್ಸೆ. ಅದಕ್ಕೆ ರೆಸಾರ್ಟಿನಂಥ ಜಾಗದಲ್ಲಿ ಕೊಡುವ ದುಡ್ಡಿಗೂ ಸರ್ಕಾರಿ ಆಯುರ್ವೇದ ಆಸ್ಪತ್ರೆಯ ದುಡ್ಡಿಗೂ ಅಜಗಜಾಂತರ. ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಸ್ಪತ್ರೆ ಇದೆ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರಿಂದ ಇದೆ. ಹೋಗುವವರು ಅಲ್ಲಿ ಮೊದಲು ವಿಚಾರಿಸಿ. ಕುತ್ತಿಗೆ ನೋವು, ತಲೆನೋವು ಈ ಹೊತ್ತು ಆಗುವುದಿಲ್ಲ, ಬಿಡೋಣ.

ಔಷಧಿ ಬಗ್ಗೆ ಒಂದೇ ಮಾತು. ಜನೌಷಧಿ ಅಂಗಡಿಯಲ್ಲಿ ಅದೇ ಮಾತ್ರೆ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ಆದರೆ ಅಗ್ಗ ಎಂದು ನೋವಿನ ಮಾತ್ರೆಯನ್ನು ನೀವೇ ತಿಂಗಳುಗಟ್ಟಲೆ ನುಂಗಬೇಡಿ. ಬಿಪಿ, ಸಕ್ಕರೆ ಇರುವವರ ಕಿಡ್ನಿಗೆ ಅದು ಒಳ್ಳೆಯದಲ್ಲ. ಆಮೇಲಿನ ಡಯಾಲಿಸಿಸ್ ಖರ್ಚನ್ನು ಯಾವ ಗುಡ್ಡೆಯಲ್ಲಿ ಇಡುತ್ತೀರಿ?

ಕೊನೆಯದು, ಇದನ್ನು ಬಿಡಲಾರೆ. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಹಾಕಬೇಕು ಎಂದು ನಮ್ಮ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. 2017ರ ನವೆಂಬರ್‌ನಲ್ಲಿ ಅದರ ತಿದ್ದುಪಡಿಯ ವಿರುದ್ಧ ಡಾಕ್ಟರುಗಳು ಮುಷ್ಕರ ಹೂಡಿದ್ದು ನಿಮಗೆಲ್ಲ ನೆನಪಿದೆ. ಎಲ್ಲರಿಗೂ ದರ ನಿಗದಿ ಮಾಡುವ ಮಾತು ಬಿದ್ದುಹೋಯಿತು, ಸರ್ಕಾರದ ಯೋಜನೆಯ ರೋಗಿಗಳಿಗೆ ಮಾತ್ರ ಉಳಿಯಿತು. ಆದರೆ ದರಪಟ್ಟಿ ಹಾಕುವ ನಿಯಮ ಬಿದ್ದಿಲ್ಲ. ಮುಂದಿನ ಸಲ ಹೋದಾಗ ಗೋಡೆ ನೋಡಿ. ಕಾಣದಿದ್ದರೆ ಕೌಂಟರಿನಲ್ಲಿ ಕೇಳಿ. ಇಲ್ಲ ಅಂದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ, ಅಲ್ಲಿಗೆ ಒಂದು ಅರ್ಜಿ ಬರೆಯಿರಿ. ಒಬ್ಬೊಬ್ಬರೇ ಬರೆಯಲು ಹಿಂಜರಿಕೆ ಇದ್ದರೆ ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆಯೋಣ. ಅರ್ಜಿಯ ನಮೂನೆ ತಂದಿದ್ದೇನೆ, ಕಾರ್ಯದರ್ಶಿಗಳ ಹತ್ತಿರ ಇದೆ. ಕಾಫಿಗೆ ಹೋಗುವಾಗ ಒಂದೊಂದು ತೆಗೆದುಕೊಳ್ಳಿ.