ಕಾಫಿಯಲ್ಲಿ ತೊಳೆದ ರೀಲು

ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನಲ್ಲಿ ನಿಂತು ಕಾಫಿಯ ಬಗ್ಗೆ ಮಾತನಾಡುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಬಾಬಾಬುಡನ್ ಏಳು ಬೀಜ ತಂದ ಕಥೆ ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಗಿಡ, ರೋಗ, ಇಳುವರಿಯ ವಿಚಾರ ಬೇಕಾದವರಿಗೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವೇ ಇದೆ. ನಾನು ಹೇಳಲು ಬಂದಿರುವುದು ಅದೇ ಕಾಫಿಯಲ್ಲಿ ಕ್ಯಾಮೆರಾದ ರೀಲು ತೊಳೆಯುವ ವಿಷಯ.

ರೀಲು ತೊಳೆಯುವುದು ಎಂದರೆ ಏನು ನಡೆಯುತ್ತದೆ? ಕಪ್ಪುಬಿಳುಪು ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ಕಣಗಳಿರುತ್ತವೆ. ಬೆಳಕು ಬಿದ್ದ ಕಣದಲ್ಲಿ ಬೆಳ್ಳಿಯ ನಾಲ್ಕಾರು ಪರಮಾಣುಗಳು ಒಟ್ಟುಗೂಡುತ್ತವೆ, ಅಷ್ಟೇ. ಕಣ್ಣಿಗೆ ಏನೂ ಕಾಣುವುದಿಲ್ಲ. ಆ ಕಣವನ್ನು ಪೂರ್ತಿಯಾಗಿ ಕಪ್ಪು ಬೆಳ್ಳಿಯಾಗಿಸಿ, ಬೆಳಕು ಕಾಣದ ಕಣವನ್ನು ಮುಟ್ಟದೆ ಬಿಡುವ ದ್ರಾವಣವೇ ಡೆವಲಪರ್. ಕಾಫಿಯೂ ಈ ಕೆಲಸ ಮಾಡಬಲ್ಲದು ಎಂದು 1995ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸ್ಕಾಟ್ ವಿಲಿಯಮ್ಸ್ ಮತ್ತು ಅವರ ವಿದ್ಯಾರ್ಥಿಗಳು ತೋರಿಸಿದರು. ಅದಕ್ಕೆ ಕೆಫೆನಾಲ್ ಎಂಬ ಹೆಸರು ಬಂತು. ಹೆಸರು ಕೇಳಿದವರು ಇದು ಕೆಫೀನ್‌ನ ಕೆಲಸ ಎಂದುಕೊಳ್ಳುತ್ತಾರೆ. ಅದು ತಪ್ಪು. ಕೆಲಸ ಮಾಡುವುದು ಕೆಫೀಕ್ ಆಮ್ಲ ಮತ್ತು ಅದರ ಬಳಗದ ವಸ್ತುಗಳು. ಆ ಬಳಗ ಅರೇಬಿಕಾಗಿಂತ ರೊಬಸ್ಟಾದಲ್ಲಿ ಹೆಚ್ಚು. ಲೋಟದ ಮಾತು ಬಂದಾಗ ಅರೇಬಿಕಾಗೆ ಮಣೆ ಹಾಕುವ ನಾವು, ರೀಲಿನ ಮಾತು ಬಂದಾಗ ರೊಬಸ್ಟಾಗೆ ಮಣೆ ಹಾಕಬೇಕು.

ಸಾಮಾನ್ಯವಾಗಿ ಎಲ್ಲರೂ ಬಳಸುವ ಅಳತೆ ಹೀಗಿದೆ: ಒಂದು ಲೀಟರ್ ನೀರಿಗೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ. ರೀಲು ತೊಳೆಯುವ ಡಬ್ಬಿಗೆ, ಒಳಗೆ ಬೆಳಕು ನುಗ್ಗದ ಆ ಡಬ್ಬಿಗೆ, ಟ್ಯಾಂಕ್ ಎನ್ನುತ್ತಾರೆ. ಒಂದು ರೀಲಿನ ಸಣ್ಣ ಟ್ಯಾಂಕಿಗೆ 300 ಮಿಲಿಲೀಟರ್ ಸಾಕಾದರೆ ಅದು 16, 5 ಮತ್ತು 12 ಗ್ರಾಂಗೆ ಇಳಿಯುತ್ತದೆ. 20 ಡಿಗ್ರಿಯಲ್ಲಿ 15 ನಿಮಿಷ. ಇಷ್ಟನ್ನು ಯಾರು ಬೇಕಾದರೂ ಬರೆದುಕೊಂಡು ಹೋಗಬಹುದು. ಆದರೆ ಈ ಪಾಕವನ್ನು ನಮ್ಮ ಊರಿನ ಅಂಗಡಿಗೂ ನಮ್ಮ ಊರಿನ ಹವೆಗೂ ಹೊಂದಿಸಿಕೊಳ್ಳದಿದ್ದರೆ ರೀಲು ಹಾಳಾಗುತ್ತದೆ. ನನ್ನವು ಹಾಳಾಗಿವೆ.

ನನ್ನ ಮೊದಲ ರೀಲು ಬೇಲೂರಿನದು. ವಾಷಿಂಗ್ ಸೋಡಾ ಎಂದು ನಾನು ತಂದದ್ದು ಅಡುಗೆ ಸೋಡಾ. ಎರಡೂ ಬಿಳಿ ಪುಡಿ, ಆದರೆ ಅಡುಗೆ ಸೋಡಾದ ಕ್ಷಾರ ಬಹಳ ಸೌಮ್ಯ. ಅದರಲ್ಲಿ ಕಾಫಿ ಏಳುವುದೇ ಇಲ್ಲ. ಮೂವತ್ತಾರು ಚಿತ್ರಗಳ ಜಾಗದಲ್ಲಿ ಗಾಜಿನಂತೆ ಪಾರದರ್ಶಕವಾದ ಪಟ್ಟಿ ಹೊರಬಂತು. ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದೆ. ಅಂದು ಕಲಿತ ಒಂದು ಪರೀಕ್ಷೆ ನಿಮಗೂ ಬೇಕಾಗುತ್ತದೆ. ಫಿಲ್ಮಿನ ಅಂಚಿನಲ್ಲಿ ಕಂಪನಿಯವರೇ ಬೆಳಕಿನಿಂದ ಮೂಡಿಸಿದ ಅಂಕಿಗಳಿರುತ್ತವೆ. ಚಿತ್ರವಿಲ್ಲದೆ ಅಂಕಿ ಮಾತ್ರ ಕಂಡರೆ ತಪ್ಪು ಕ್ಯಾಮೆರಾದಲ್ಲಿ ನಡೆದಿದೆ. ಅಂಕಿಯೂ ಇಲ್ಲದಿದ್ದರೆ ತಪ್ಪು ಟ್ಯಾಂಕಿನಲ್ಲಿ ನಡೆದಿದೆ. ನನ್ನ ಪಟ್ಟಿಯಲ್ಲಿ ಎರಡೂ ಇರಲಿಲ್ಲ.

ಸರಿಯಾದ ವಾಷಿಂಗ್ ಸೋಡಾ ಸಿಕ್ಕ ಮೇಲೂ ಅದು ಹರಳೋ ಪುಡಿಯೋ ನೋಡಬೇಕು. ಹರಳಿನಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ನೀರಿನದೇ. 54 ಗ್ರಾಂ ಒಣಪುಡಿಯ ಕೆಲಸಕ್ಕೆ ಹರಳು 146 ಗ್ರಾಂ ಬೇಕು. ಹರಳನ್ನು ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟು, ನೀರೆಲ್ಲ ಆರಿ ಬಿಳಿ ಹುಡಿಯಾದ ಮೇಲೆ ತೂಗಿದರೆ ಈ ಲೆಕ್ಕದ ಗೊಡವೆ ಇಲ್ಲ. ಕಾಫಿ ಪೊಟ್ಟಣದ ಹಿಂಬದಿಯನ್ನೂ ಓದಿ. ಚಿಕೋರಿ ಎಷ್ಟು ಪಾಲು ಎಂದು ಅಲ್ಲಿ ಅಚ್ಚಾಗಿರುತ್ತದೆ. ಚಿಕೋರಿ ಬೆರೆತ ಪುಡಿಯಲ್ಲಿ ನನ್ನ ನೆಗೆಟಿವ್‌ಗಳು ತೆಳುವಾಗಿ, ಜೀವವಿಲ್ಲದೆ ಬಂದವು. ಬೆರಕೆಯಿಲ್ಲದ ಪುಡಿಯನ್ನೇ ಕೊಳ್ಳಿ.

ಮೊದಲು ಸೋಡಾ ಪೂರ್ತಿ ಕರಗಬೇಕು, ಆಮೇಲೆ ವಿಟಮಿನ್ ಸಿ, ಕೊನೆಗೆ ಕಾಫಿ. ನೊರೆ ಇಳಿಯುವವರೆಗೆ ಐದು ನಿಮಿಷ ಕಾಯಿರಿ, ಆದರೆ ನಾಳೆಗೆಂದು ಎತ್ತಿಡಬೇಡಿ. ಗಾಳಿ ತಾಗಿ ಅದರ ಶಕ್ತಿ ಇಳಿಯುತ್ತದೆ. ವಾಸನೆ ಕೆಟ್ಟದ್ದು. ಮನೆಯವರಿಗೆ ಮೊದಲೇ ತಿಳಿಸಿ, ಕಿಟಕಿ ತೆರೆದಿಡಿ. ಡಿಸೆಂಬರ್ ಬೆಳಗಿನಲ್ಲಿ ನಮ್ಮ ನಲ್ಲಿಯ ನೀರು 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಏಪ್ರಿಲ್‌ನಲ್ಲಿ ಟ್ಯಾಂಕನ್ನು ತಣ್ಣೀರಿನ ಬೋಗುಣಿಯಲ್ಲಿ ಇಡಬೇಕಾಗುತ್ತದೆ. ಆಷಾಢದ ತೊಂದರೆ ಬೇರೆ. ಟ್ಯಾಂಕಿಗೆ ಇಳಿಸುವ ಮೊದಲು ಫಿಲ್ಮನ್ನು ಕತ್ತಲಲ್ಲಿ ಒಂದು ಪ್ಲಾಸ್ಟಿಕ್ ಸುರುಳಿಗೆ ಸುತ್ತಬೇಕು. ಗಾಳಿಯ ತೇವಕ್ಕೆ ಆ ಸುರುಳಿಯ ಕಾಲುವೆಯಲ್ಲಿ ಫಿಲ್ಮ್ ಜಾರುವುದಿಲ್ಲ, ಅಂಟಿಕೊಳ್ಳುತ್ತದೆ. ಕತ್ತಲಲ್ಲಿ ಕೈ ಬೆವರಿದಷ್ಟೂ ಇನ್ನಷ್ಟು ಅಂಟುತ್ತದೆ. ಸುರುಳಿಯನ್ನು ಹೇರ್ ಡ್ರೈಯರ್‌ನಿಂದ ಚೆನ್ನಾಗಿ ಒಣಗಿಸಿಕೊಂಡೇ ಕತ್ತಲಿಗೆ ಹೋಗಿ.

ಅಡುಗೆಮನೆಯಲ್ಲಿ ಸಿಗದ ಒಂದೇ ವಸ್ತು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಡೆವಲಪರ್ ಮುಟ್ಟದೆ ಬಿಟ್ಟ ಲವಣವನ್ನು ತೆಗೆದು ಚಿತ್ರವನ್ನು ನಿಲ್ಲಿಸುವುದು ಅದರ ಕೆಲಸ. ಅದು ಬೆಳ್ಳಿಯ ಲವಣವನ್ನು ಕರಗಿಸುತ್ತದೆ ಎಂದು ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದರು. ಆಗ ಛಾಯಾಚಿತ್ರವೇ ಹುಟ್ಟಿರಲಿಲ್ಲ. ಫಿಲ್ಮಿನ ಒಂದು ತುಂಡನ್ನು ಹೈಪೋದಲ್ಲಿ ಅದ್ದಿ, ಹಾಲಿನಂಥ ಪೊರೆ ತಿಳಿಯಾಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿ, ಅದರ ಎರಡರಷ್ಟು ಹೊತ್ತು ರೀಲನ್ನು ಅದರಲ್ಲಿಡಿ. ಬಳಸಿದ ಹೈಪೋದಲ್ಲಿ ಬೆಳ್ಳಿ ಸೇರಿಕೊಂಡಿರುತ್ತದೆ. ಅದನ್ನು ದಯವಿಟ್ಟು ತೋಟದ ಹಳ್ಳಕ್ಕೆ ಸುರಿಯಬೇಡಿ. ಈ ಬೆಟ್ಟದ ಎಷ್ಟೋ ಹಳ್ಳಗಳು ಸೇರುವುದು ಯಗಚಿ ಹೊಳೆಗೆ, ಯಗಚಿ ಹರಿಯುವುದು ಬೇಲೂರಿನ ಪಕ್ಕದಲ್ಲಿ. ಡಬ್ಬಿಯಲ್ಲಿ ಕಬ್ಬಿಣದ ನಾರನ್ನು ಹಾಕಿ ಕೆಲವು ದಿನ ಬಿಟ್ಟರೆ ಬೆಳ್ಳಿ ಕಪ್ಪು ಗಸಿಯಾಗಿ ತಳಕ್ಕೆ ಕೂರುತ್ತದೆ. ಆ ಗಸಿಯನ್ನು ಬೇರೆಯಾಗಿ ತೆಗೆದಿಡಿ.

ಇನ್ನು ಲೆನ್ಸ್. ನನ್ನ ಬಳಿ ಇರುವುದು ಸೋದರಮಾವ ಕೊಟ್ಟ ಸೋವಿಯತ್ ಕಾಲದ ಜೆನಿತ್ ಕ್ಯಾಮೆರಾ, ಅದರ ಹೀಲಿಯೋಸ್ 44-2. ನಾಭಿದೂರ 58 ಮಿಲಿಮೀಟರ್, ಬೆಳಕಿನ ಕಿಂಡಿ ಎಫ್ 2. ಜರ್ಮನಿಯ ಬಯೋಟಾರ್ ಲೆನ್ಸಿನ ವಿನ್ಯಾಸವನ್ನು ಅನುಸರಿಸಿ ಮಾಡಿದ್ದು. ಆ ಕಿಂಡಿಯನ್ನು ಪೂರ್ತಿ ತೆರೆದಾಗ ಹಿನ್ನೆಲೆಯ ಎಲೆಗಳೆಲ್ಲ ಸುಳಿಯಂತೆ ತಿರುಗುವುದಕ್ಕೆ ಇದು ಹೆಸರುವಾಸಿ. ತೋಟದ ನೆರಳುಮರಗಳ ಸಂದಿಯಿಂದ ಬೆಳಕು ಜಿನುಗುವಾಗ ಆ ಸುಳಿ ಚೆನ್ನಾಗಿ ಏಳುತ್ತದೆ. ಆದರೆ ನನಗೆ ಈ ಲೆನ್ಸ್ ಪ್ರಿಯವಾದದ್ದು ಬೇಲೂರಿನ ಮದನಿಕೆಯರಿಂದ. ಅವರು ನಿಂತಿರುವುದು ಸೂರಿನ ನೆರಳಿನಲ್ಲಿ, ಮೇಲೆ ಉರಿಯುವ ಆಕಾಶ. ಈ ಹಳೆಯ ಗಾಜಿನ ಲೇಪನ ತೆಳು. ಆಕಾಶದ ಒಂದು ಚೂರು ಚೌಕಟ್ಟಿಗೆ ಬಂದರೂ ಚಿತ್ರದ ಮೇಲೆ ಹಾಲು ಚೆಲ್ಲಿದಂತಾಗುತ್ತದೆ. ಲೆನ್ಸಿನ ಮೇಲೆ ಅಂಗೈ ಅಡ್ಡ ಹಿಡಿದು, ಮಧ್ಯಾಹ್ನ ಅಂಗಳದ ಹಾಸುಗಲ್ಲಿನ ಮೇಲೆ ಬಿಸಿಲು ಬಿದ್ದು ಪ್ರತಿಫಲಿಸುವ ಹೊತ್ತಿಗೆ ಕಾಯಿರಿ. ಬೆಳಕು ಕೆಳಗಿನಿಂದ ಮೇಲೇರಿ ಬಳಪದ ಕಲ್ಲಿನ ಗಲ್ಲ, ಮೂಗು, ಒಡವೆಗಳನ್ನು ಒಂದೊಂದಾಗಿ ಮುಟ್ಟುತ್ತದೆ. ಆಗ ಅದೇ ಮೃದು ಗಾಜು ನೆರಳನ್ನು ಕಪ್ಪಾಗಿ ಮುಚ್ಚದೆ ಉಳಿಸಿಕೊಡುತ್ತದೆ.

ಮಲೆನಾಡಿನಲ್ಲಿ ಲೆನ್ಸಿನ ಶತ್ರು ಬೂಷ್ಟು. ಚರ್ಮದ ಚೀಲದಲ್ಲಿ ಮುಚ್ಚಿ ಕಪಾಟಿನಲ್ಲಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಗಾಜಿನ ನಡುವೆ ಜೇಡರಬಲೆ ಹಬ್ಬಿರುತ್ತದೆ. ಚರ್ಮವೇ ತೇವವನ್ನು ಹಿಡಿದಿಡುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅದು ಬಣ್ಣ ಬದಲಿಸಿದಾಗ ಮತ್ತೆ ಬಿಸಿಮಾಡಿ ಒಣಗಿಸುವುದು, ಇಷ್ಟು ಮಾಡಿ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಲೆನ್ಸ್ ಇರಬಹುದು, ಇಂದೇ ಹುಡುಕಿ ತೆಗೆಯಿರಿ. ಫಿಲ್ಮ್ ಕ್ಯಾಮೆರಾ ಕೆಟ್ಟಿದ್ದರೂ ಲೆನ್ಸ್ ವ್ಯರ್ಥವಲ್ಲ. 42 ಮಿಲಿಮೀಟರ್ ತಿರುಪಿನದಾದರೆ ಒಂದು ಲೋಹದ ಉಂಗುರದ ಮೂಲಕ ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಅದು ಕೂರುತ್ತದೆ.

ಹಿಂದಿನ ಗೋಡೆಯ ಬಳಿ ತಂತಿಗೆ ತೂಗುಹಾಕಿರುವುದು ನಿನ್ನೆ ರಾತ್ರಿ ಕಾಫಿಯಲ್ಲಿ ತೊಳೆದ ರೀಲು. ಕಾಫಿಯ ಕಲೆ ಹಿಡಿದು ಕಂದುಬಣ್ಣಕ್ಕೆ ತಿರುಗಿದೆ, ಅದರಿಂದ ಚಿತ್ರಕ್ಕೆ ತೊಂದರೆಯಿಲ್ಲ. ಅಂಚನ್ನು ಮಾತ್ರ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡಿ. ಹನ್ನೊಂದನೆಯ ಚೌಕದಲ್ಲಿ ದರ್ಪಣ ಸುಂದರಿ ಇದ್ದಾಳೆ.