ವಶಪಡಿಸಿಕೊಂಡದ್ದೆಲ್ಲ ಪಟ್ಟಿಯಲ್ಲಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ರಿಮಿನಲ್ ಮೊಕದ್ದಮೆ ಎಂದೊಡನೆ ನಮಗೆ ನೆನಪಾಗುವುದು ಕಟಕಟೆ ಮತ್ತು ಪಾಟೀಸವಾಲು. ಆದರೆ ತನಿಖಾಧಿಕಾರಿ ತಾನು ಸಂಗ್ರಹಿಸಿದ್ದರಲ್ಲಿ ಏನನ್ನು ಆರೋಪಿಗೆ ತೋರಿಸಿದರು, ಏನನ್ನು ಠಾಣೆಯ ಬೀರುವಿನಲ್ಲೇ ಉಳಿಸಿಕೊಂಡರು ಎಂಬುದರ ಮೇಲೆ ಮೊಕದ್ದಮೆಯ ದಿಕ್ಕು ಮೊದಲ ಸಾಕ್ಷಿ ಬರುವುದಕ್ಕೂ ಮುನ್ನವೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು: ವಶಪಡಿಸಿಕೊಂಡ ಪ್ರತಿಯೊಂದು ಕಾಗದವೂ ವಸ್ತುವೂ ಪಟ್ಟಿಯಲ್ಲಿರಬೇಕು. ಪ್ರಾಸಿಕ್ಯೂಷನ್ ತನಗೆ ಬೇಡವೆಂದು ಬದಿಗಿಟ್ಟದ್ದೂ ಅದರಲ್ಲಿರಬೇಕು.

ಕಾನೂನು ಸರಳವಾಗಿಯೇ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಮಿನ ಪ್ರಕಾರ, ಆರೋಪಿಯು ನ್ಯಾಯಾಲಯಕ್ಕೆ ಹಾಜರಾದ 14 ದಿನಗಳೊಳಗೆ ಎಫ್‌ಐಆರ್, ಸಾಕ್ಷಿಗಳ ಹೇಳಿಕೆ, ದಾಖಲೆಗಳ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ವಕೀಲರನ್ನು ನೇಮಿಸಿಕೊಂಡಿದ್ದರೆ ನೊಂದವರಿಗೂ ಕೊಡಬೇಕು. ಆದರೆ ಆರೋಪಪಟ್ಟಿಯ ಜೊತೆ ಬರುವುದು ಪ್ರಾಸಿಕ್ಯೂಷನ್ ನೆಚ್ಚಿಕೊಂಡ ಕಾಗದಗಳು ಮಾತ್ರ. ಉಳಿದವುಗಳ ಗತಿಯೇನು?

ಈ ಪ್ರಶ್ನೆಗೆ ಒಂದು ಮುಖ್ಯ ಉತ್ತರ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ ನಡೆದ ಮೊಕದ್ದಮೆಯಿಂದ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ನಿಮಗೆಲ್ಲ ಗೊತ್ತು. ಅವರು ಮತ್ತೆ ಮುಖ್ಯಮಂತ್ರಿಯಾದ ಮೇಲೆ ಚೆನ್ನೈಯಲ್ಲಿ ನಿಷ್ಪಕ್ಷಪಾತ ವಿಚಾರಣೆ ನಡೆಯುವುದು ಕಷ್ಟವೆಂದು ಕಂಡ ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ಬೆಂಗಳೂರಿಗೆ ವರ್ಗಾಯಿಸಿತು. ಪತ್ರಿಕೆಗಳು ಸೀರೆ, ಚಿನ್ನಗಳ ಬಗ್ಗೆ ಬರೆದಷ್ಟನ್ನು ಕಾಗದಗಳ ಬಗ್ಗೆ ಬರೆಯಲಿಲ್ಲ; ನನಗೆ ಆ ಮೊಕದ್ದಮೆಯಲ್ಲಿ ಆಸಕ್ತಿ ಇರುವುದೇ ಕಾಗದಗಳಲ್ಲಿ. ಪ್ರಾಸಿಕ್ಯೂಷನ್ ಸಾಕ್ಷ್ಯ ಮುಗಿದು, ಆರೋಪಿಗಳನ್ನೇ ಪ್ರಶ್ನಿಸಿ ಹೇಳಿಕೆ ಪಡೆಯುವ ಹಂತಕ್ಕೆ ಬಂದಾಗ, ಎರಡನೆಯ ಆರೋಪಿ ಶಶಿಕಲಾ ಅವರು ಒಂದು ಅರ್ಜಿ ಹಾಕಿದರು. ತನಿಖೆಯಲ್ಲಿ ವಶಪಡಿಸಿಕೊಂಡು ನ್ಯಾಯಾಲಯಕ್ಕೆ ಕಳುಹಿಸಿದ್ದರೂ ಸಾಕ್ಷ್ಯವಾಗಿ ಗುರುತು ಮಾಡದೆ ಬಿಟ್ಟ ದಾಖಲೆಗಳಿವೆ, ಅವುಗಳನ್ನು ನೋಡಲು ಬಿಡಿ ಎಂಬುದು ಅವರ ಕೋರಿಕೆ. ವಿಚಾರಣಾ ನ್ಯಾಯಾಲಯ ಒಪ್ಪಲಿಲ್ಲ, ಹೈಕೋರ್ಟೂ ಒಪ್ಪಲಿಲ್ಲ. ಇದು ಕಾಲಹರಣದ ತಂತ್ರವೆಂದು ನಿಮಗೆ ಅನ್ನಿಸಬಹುದು, ಇರಲಿ. ಸುಪ್ರೀಂ ಕೋರ್ಟ್ 2012ರ ಸೆಪ್ಟೆಂಬರಿನಲ್ಲಿ ದಾಖಲೆಗಳ ಪರಿಶೀಲನೆಗೆ ಅವಕಾಶ ಕೊಟ್ಟಿತು. ವಶಪಡಿಸಿಕೊಂಡ ಕಾಗದಗಳಲ್ಲಿ ಆರೋಪಿಗೆ ಅನುಕೂಲವಾದುದನ್ನು ತನಿಖಾಧಿಕಾರಿ ಕಡೆಗಣಿಸಿರುವ ಸಂಭವವಿರುವಾಗ, ಅದನ್ನು ನೋಡುವ ಹಕ್ಕು ಆರೋಪಿಗೆ ಇಲ್ಲವೆನ್ನುವುದು ನ್ಯಾಯಯುತ ವಿಚಾರಣೆಯಾಗದು ಎಂಬುದು ಅದರ ತರ್ಕ. ಇಷ್ಟಾದ ಮೇಲೂ ಮೊಕದ್ದಮೆ ಸಡಿಲವಾಗಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. 2014ರಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿತು. ಮರುವರ್ಷ ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿದರೂ, 2017ರಲ್ಲಿ ಸುಪ್ರೀಂ ಕೋರ್ಟ್ ಶಶಿಕಲಾ ಅವರ ಶಿಕ್ಷೆಯನ್ನು ಮತ್ತೆ ಎತ್ತಿಹಿಡಿಯಿತು. ಕಾಗದ ತೋರಿಸಿದರೆ ಕೇಸು ಬಿದ್ದುಹೋಗುತ್ತದೆ ಎಂದು ಹೆದರುವ ಅಧಿಕಾರಿಗಳಿಗೆ ನಾನು ಯಾವಾಗಲೂ ಹೇಳುವ ಉದಾಹರಣೆ ಇದೇ.

2021ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ತನಿಖಾಧಿಕಾರಿ ನೆಚ್ಚಿಕೊಳ್ಳದೆ ಬಿಟ್ಟ ಹೇಳಿಕೆ, ದಾಖಲೆ, ವಸ್ತುಗಳನ್ನೂ ಪಟ್ಟಿಯಲ್ಲಿ ನಮೂದಿಸಿ ಆರೋಪಿಗೆ ಕೊಡಬೇಕೆಂಬ ಕರಡು ನಿಯಮಗಳನ್ನು ಅಳವಡಿಸಿಕೊಳ್ಳುವಂತೆ ಎಲ್ಲ ಹೈಕೋರ್ಟುಗಳಿಗೂ ಸೂಚಿಸಿತು. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಪಟ್ಟಿ ಕೇಳಿದರೆ ಮುಖ ಗಂಟಿಕ್ಕುವವರನ್ನು ಕಂಡಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಮಾತು ನೆನಪಾಗುತ್ತದೆ.

ಪಟ್ಟಿ ಇದ್ದರೆ ಬರವಣಿಗೆಯೇ ಬದಲಾಗುತ್ತದೆ. ತಾನು ಬರೆದದ್ದನ್ನು ಎದುರು ವಕೀಲರು ಸಾಲುಸಾಲಾಗಿ ಓದುತ್ತಾರೆಂದು ಗೊತ್ತಿರುವ ಸಬ್ ಇನ್ಸ್‌ಪೆಕ್ಟರ್, ವಶಪಡಿಸಿಕೊಂಡದ್ದರ ವಿವರ ಬರೆಯುವ ಮಹಜರನ್ನು ಠಾಣೆಗೆ ಬಂದು ಬರೆಸುವುದಿಲ್ಲ; ಸ್ಥಳದಲ್ಲೇ ಬರೆದು, ಚೀಲಕ್ಕೆ ಅರಗಿನ ಮುದ್ರೆ ಒತ್ತಿ, ಪಂಚರ, ಅಂದರೆ ಸ್ಥಳದಲ್ಲಿ ಸಾಕ್ಷಿಯಾಗಿ ನಿಂತವರ, ಸಹಿ ಇರುವ ಚೀಟಿ ಅಂಟಿಸಿ, ಆ ಮುದ್ರೆಯ ಮಾದರಿಯನ್ನೂ ಕಡತದಲ್ಲಿ ಇಡುತ್ತಾರೆ. ನ್ಯಾಯಾಧೀಶರ ತೀರ್ಮಾನವೂ ಬದಲಾಗುತ್ತದೆ. ಆರೋಪ ಹೊರಿಸುವ ಹಂತದಲ್ಲಿ ಸಾಮಾನ್ಯವಾಗಿ ಪೊಲೀಸರು ಸಲ್ಲಿಸಿದ್ದನ್ನು ಮಾತ್ರ ನೋಡಬೇಕು. ಆದರೆ ತನಿಖಾಧಿಕಾರಿ ತಡೆಹಿಡಿದ ಅಪ್ಪಟ ಸಾಕ್ಷ್ಯವಿದ್ದರೆ ಆಗಲೂ ಅದನ್ನು ತರಿಸಿಕೊಳ್ಳಬಹುದೆಂದು ಬಿಡದಿಯ ನಿತ್ಯಾನಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಡೆಹಿಡಿದದ್ದು ಇದೆಯೆಂದು ತಿಳಿಯುವುದಾದರೂ ಹೇಗೆ? ಪಟ್ಟಿಯಿಂದಲೇ.

ಮೆಮೊರಿ ಕಾರ್ಡ್, ಸಿಸಿಟಿವಿ ದೃಶ್ಯಗಳ ಬಗ್ಗೆ ವಿವರವಾಗಿ ಮಾತನಾಡಬೇಕೆಂದಿದ್ದೆ, ಸಮಯ ಉಳಿದಿಲ್ಲ. ಮೆಮೊರಿ ಕಾರ್ಡಿನೊಳಗೆ ಇರುವುದೂ ದಾಖಲೆಯೇ ಎಂದು 2019ರಲ್ಲಿ, ಕೇರಳದ ನಟಿಯೊಬ್ಬರ ಮೇಲಿನ ದೌರ್ಜನ್ಯದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ನೊಂದ ಮಹಿಳೆಯ ಖಾಸಗಿತನವನ್ನು ಕಾಪಾಡಲು ಅಲ್ಲಿ ಪ್ರತಿಯ ಬದಲು ಪರಿಶೀಲನೆಗೆ ಮಾತ್ರ ಅವಕಾಶ ಸಿಕ್ಕಿತು.

ಕೊನೆಯದಾಗಿ, ಮನೆಯವರೊಬ್ಬರ ಮೇಲೆ ಮೊಕದ್ದಮೆ ಇರುವ ಕೇಳುಗರಿಗೆ ಒಂದು ಮಾತು. ಪ್ರತಿಗಳು ಮುಟ್ಟಿದವು ಎಂದು ನ್ಯಾಯಾಲಯದಲ್ಲಿ ಸಹಿ ಹಾಕುವ ಮೊದಲು ಪುಟಗಳನ್ನು ಎಣಿಸಿ. ಮಸುಕಾದ ಜೆರಾಕ್ಸ್ ಇದ್ದರೆ ಓದಲಾಗುತ್ತಿಲ್ಲವೆಂದು ನಿಮ್ಮ ವಕೀಲರ ಮೂಲಕ ಅಲ್ಲಿಯೇ ಹೇಳಿಸಿ. ನೆಚ್ಚಿಕೊಳ್ಳದ ದಾಖಲೆಗಳ ಪಟ್ಟಿಯನ್ನೂ ಲಿಖಿತ ಅರ್ಜಿ ಕೊಟ್ಟು ಕೇಳಿ. ನಮಸ್ಕಾರ.