ನಾಣಿಯ ಕಣ್ಣೆತ್ತರ

ಕೇಳುಗರಿಗೆ ನಮಸ್ಕಾರ.

1977ರಲ್ಲಿ ‘ಘಟಶ್ರಾದ್ಧ’ ಚಿತ್ರವನ್ನು ನಿರ್ದೇಶಿಸಿದಾಗ ಗಿರೀಶ ಕಾಸರವಳ್ಳಿಯವರ ವಯಸ್ಸು ಇಪ್ಪತ್ತೇಳರ ಆಸುಪಾಸು. ಅದು ಅವರ ಮೊದಲ ಕಥಾಚಿತ್ರ. ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲವೂ ಆ ವರ್ಷ ಅದಕ್ಕೇ ಬಂತು. ಇಷ್ಟು ಎಳೆಯ ವಯಸ್ಸಿಗೆ ಇಷ್ಟು ಹದವಾದ ನೋಟ ಹೇಗೆ ಕೂಡಿಬಂತು ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ಅವರು ನಡೆದು ಬಂದ ದಾರಿಯನ್ನು ಇವತ್ತು ಸ್ವಲ್ಪ ನೋಡೋಣ.

ಕಾಸರವಳ್ಳಿಯವರು ಹುಟ್ಟಿದ್ದು 1950ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ತಂದೆ ಯಕ್ಷಗಾನದ ಪೋಷಕರು. ಹೆಗ್ಗೋಡಿನಲ್ಲಿ ನೀನಾಸಮ್ ಎಂಬ ರಂಗಸಂಸ್ಥೆಯನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರು ಸೋದರಮಾವ. ಟೂರಿಂಗ್ ಟಾಕೀಸಿನ ಸಿನಿಮಾ, ಆಟದ ಚೆಂಡೆ, ಮನೆಯ ಪುಸ್ತಕಗಳು ಎಲ್ಲವೂ ಬಾಲ್ಯದಲ್ಲೇ ಸಿಕ್ಕವು. ಹಾಗಿದ್ದೂ ಓದಿದ್ದು ಮಣಿಪಾಲದಲ್ಲಿ ಬಿ.ಫಾರ್ಮಾ. ತರಬೇತಿಗೆಂದು ಹೈದರಾಬಾದಿಗೆ ಹೋದ ಮೇಲೆ, ಸಿನಿಮಾ ಮತ್ತು ಸಾಹಿತ್ಯದ ಗುಂಗಿನಲ್ಲಿ ಆ ವೃತ್ತಿಯನ್ನು ನಿಭಾಯಿಸುವುದು ಕಷ್ಟವೆನಿಸಿ, ಅದನ್ನು ಅಲ್ಲಿಗೇ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಔಷಧಶಾಸ್ತ್ರ ಕಲಿಸಿದ ಅಳತೆ-ತೂಕವೇ ಅವರ ಚಿತ್ರಗಳ ಮಿತವ್ಯಯವಾಯಿತು ಎಂದು ಹೇಳಿಬಿಡಬಹುದು, ಕೇಳಲಿಕ್ಕೂ ಚೆನ್ನಾಗಿರುತ್ತದೆ. ಆದರೆ ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ.

ಪುಣೆಯ ಕಲಿಕೆ ಏಕೆ ಮುಖ್ಯ ಎಂಬುದು ಆ ಕಾಲದ ಕನ್ನಡ ಚಿತ್ರರಂಗವನ್ನು ನೆನೆದರೆ ತಿಳಿಯುತ್ತದೆ. 1970ರ ‘ಸಂಸ್ಕಾರ’ವನ್ನು ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ. ಮರುವರ್ಷದ ‘ವಂಶವೃಕ್ಷ’ವನ್ನು ಜೊತೆಯಾಗಿ ನಿರ್ದೇಶಿಸಿದ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರಲ್ಲಿ ಒಬ್ಬರು ನಾಟಕಕಾರರು, ಇನ್ನೊಬ್ಬರು ರಂಗನಿರ್ದೇಶಕರು. ಕನ್ನಡದ ಕಲಾತ್ಮಕ ಚಿತ್ರಗಳ ಹೊಸ ಅಲೆಯ ಹಿರಿಯರಲ್ಲಿ ಹಲವರು ಹೀಗೆ ಮಾತಿನ, ರಂಗದ ಮನೆಯಿಂದ ಸಿನಿಮಾದ ಮನೆಗೆ ಬಂದವರು. ಕಾಸರವಳ್ಳಿಯವರಾದರೋ ದೇಶವಿದೇಶಗಳ ಚಿತ್ರಗಳನ್ನು ನೋಡುತ್ತ, ಚೌಕಟ್ಟು ಮತ್ತು ಸಂಕಲನವನ್ನೇ ಪಾಠವಾಗಿ ಓದಿದವರು. ಅವರ ವಿದ್ಯಾರ್ಥಿಚಿತ್ರ ‘ಅವಶೇಷ’ಕ್ಕೆ ರಾಷ್ಟ್ರಪ್ರಶಸ್ತಿ ಬಂತು, 1975ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದ ಅವರು ‘ಚೋಮನ ದುಡಿ’ಯಲ್ಲಿ ಕಾರಂತರಿಗೆ ಸಹಾಯಕರಾದರು. ಆ ಚಿತ್ರದ ಛಾಯಾಗ್ರಾಹಕ ಎಸ್. ರಾಮಚಂದ್ರ ಎರಡು ವರ್ಷಗಳ ನಂತರ ‘ಘಟಶ್ರಾದ್ಧ’ಕ್ಕೂ ಕ್ಯಾಮೆರಾ ಹಿಡಿದರು, ಕಾರಂತರು ಸಂಗೀತ ಕೊಟ್ಟರು. ನಿನ್ನೆಯ ಸಹಾಯಕನ ಚಿತ್ರಕ್ಕೆ ಗುರುವೇ ಸಂಗೀತ ನಿರ್ದೇಶಕನಾಗಿ ಬಂದದ್ದು, ಅದಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನೂ ಪಡೆದದ್ದು ನಮ್ಮಲ್ಲಿ ಅಪರೂಪದ ಸಂಗತಿ.

ಈಗ ಚಿತ್ರದ ಹತ್ತಿರಕ್ಕೇ ಹೋಗೋಣ. ಅದಕ್ಕೆ ಆಧಾರವಾದ ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಹೇಳುವವನು ನಾಣಿ ಎಂಬ ಹುಡುಗ. ವೇದ ಕಲಿಯಲು ಉಡುಪರ ಮನೆಗೆ ಬಂದ ಅವನಿಗೆ ಉಡುಪರ ವಿಧವೆ ಮಗಳು ಯಮುನಕ್ಕನೇ ಆಸರೆ. ಆಕೆ ಬಸುರಾಗುತ್ತಾಳೆ, ಅಗ್ರಹಾರ ಪಿಸುಗುಡುತ್ತದೆ, ಕೊನೆಗೆ ಬದುಕಿರುವಾಗಲೇ ಆಕೆಯ ಶ್ರಾದ್ಧವನ್ನು ಮಾಡಿ ಮುಗಿಸುತ್ತಾರೆ. ಕಥೆಯಲ್ಲಿ ‘ನಾನು’ ಎನ್ನುವವನೊಬ್ಬನಿದ್ದಾನೆ. ಕ್ಯಾಮೆರಾಕ್ಕೆ ‘ನಾನು’ ಎನ್ನಲು ಬಾರದು, ಎದುರಿಗೆ ಇಟ್ಟದ್ದನ್ನೆಲ್ಲ ಅದು ನೋಡಿಬಿಡುತ್ತದೆ. ದೊಡ್ಡವರ ಲೋಕದ ಅರ್ಧ ಮಾತ್ರ ತಿಳಿಯುವ ಹುಡುಗನ ಅರಿವನ್ನು ತೆರೆಯ ಮೇಲೆ ತರುವುದು ಹೇಗೆ? ಯಮುನಕ್ಕ ಸಾಯಲೆಂದು ಹಾವಿನ ಹುತ್ತದೊಳಗೆ ಕೈಯಿಡುವ ಗಳಿಗೆಯನ್ನು ನೆನಪಿಸಿಕೊಳ್ಳಿ. ಆಕೆಯ ಮನಸ್ಸಿನಲ್ಲಿರುವುದನ್ನು ವಿವರಿಸುವ ಸಂಭಾಷಣೆ ಅಲ್ಲಿ ಬೇಕಾಗುವುದಿಲ್ಲ. ಒಂದು ಹುತ್ತ, ಒಂದು ಕೈ, ನೋಡುತ್ತಿರುವ ಹುಡುಗ, ಅಷ್ಟೇ. ಅವನ ಭಯವೇ ನಮಗೆ ಆಕೆಯ ಸ್ಥಿತಿಯನ್ನು ತಿಳಿಸುತ್ತದೆ. ನಾಣಿಯಾಗಿ ನಟಿಸಿದ ಅಜಿತ್ ಕುಮಾರ್‌ಗೆ ಬಾಲನಟ ಪ್ರಶಸ್ತಿ ಬಂದದ್ದು ಸಹಜವೇ. ಚಿತ್ರದ ಭಾರವೆಲ್ಲ ಆ ಹುಡುಗನ ಕಣ್ಣುಗಳ ಮೇಲಿತ್ತು.

ಎಲ್ಲಿ ನಿಂತು ನೋಡಬೇಕು ಎಂಬುದನ್ನು ಗೊತ್ತುಮಾಡಿಕೊಂಡ ದಿನವೇ ಕಾಸರವಳ್ಳಿ ನಿರ್ದೇಶಕರಾದರು ಎಂದು ನನಗೆ ಅನ್ನಿಸುತ್ತದೆ. ಮಲೆನಾಡಿನ ಮನೆಗಳನ್ನು ಅವರು ಹುಟ್ಟಿನಿಂದ ಬಲ್ಲವರು; ಆದರೆ ಬಲ್ಲ ಊರನ್ನು ಹೊಸದಾಗಿ ನೋಡುವ ದೂರವನ್ನು ಕೊಟ್ಟದ್ದು ಪುಣೆ. ಹಿರಿಯರ ಚಿತ್ರಗಳಲ್ಲಿ ಪಾತ್ರಗಳು ಮಾತಿನಲ್ಲಿ ವಾದಿಸುತ್ತಿದ್ದ ವಿಷಯವನ್ನು ಇವರು ಜಗುಲಿಯ ಕತ್ತಲೆಗೂ ಅಂಗಳದ ಬೆಳಕಿಗೂ ಒಪ್ಪಿಸಿದರು. ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಚಿತ್ರಗಳಿಗೆ ಮತ್ತೆ ಮೂರು ಸ್ವರ್ಣಕಮಲಗಳು ಬಂದದ್ದು ಆಮೇಲಿನ ಮಾತು.

‘ಘಟಶ್ರಾದ್ಧ’ದ ಕೊನೆಯಲ್ಲಿ ತಂದೆಯೊಂದಿಗೆ ಊರಿಗೆ ಹೊರಟ ನಾಣಿಗೆ ಮರದ ಕೆಳಗೆ ತಲೆ ಬೋಳಿಸಿಕೊಂಡು ಕುಳಿತ ಯಮುನಕ್ಕ ಕಾಣುತ್ತಾಳೆ. ಅವನಿಗೆ ಅಲ್ಲಿ ನಿಲ್ಲುವ ಸ್ವಾತಂತ್ರ್ಯವಿಲ್ಲ. ನೋಡುತ್ತ ನೋಡುತ್ತಲೇ ಮುಂದಕ್ಕೆ ನಡೆಯಬೇಕು.

ನಮಸ್ಕಾರ.